ಹೈಬ್ರಿಡ್ ಕಾರು ಮನೆಗೆ ಬಂದ ಮೇಲೆ: ನಮ್ಮ ದಾವಣಗೆರೆ–ಚಿತ್ರದುರ್ಗದ ಧೂಳು, ಬಿಸಿಲಿನಲ್ಲಿ ನೋಡಿಕೊಳ್ಳುವುದು ಹೇಗೆ?

ದಾವಣಗೆರೆಯಲ್ಲಿ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯ ಮೋಟರೂ ಇರುವ ಕಾರು ತಗೊಂಡವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಬ್ಯಾಟರಿ ಹೋದ್ರೆ ಎಷ್ಟು ಲಕ್ಷ ಬೀಳುತ್ತೆ ರೀ?" ಬೆಣ್ಣೆದೋಸೆ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದರೂ ಇದೇ, ಮದುವೆ ಮನೆಗೆ ಹೋದರೂ ಇದೇ. ಉತ್ತರ ಸುಲಭ. ನಮ್ಮಲ್ಲಿ ಸಿಗುವ ಟೊಯೋಟ, ಮಾರುತಿ, ಹೋಂಡಾ ಸ್ಟ್ರಾಂಗ್ ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿವರೆಗೆ. ಅದು ಅಷ್ಟು ಸುಲಭಕ್ಕೆ ಹಾಳಾಗುವುದೂ ಇಲ್ಲ. ದಾರಿಯಲ್ಲಿ ಕೈ ಕೊಡುವುದು ಅದರ ಸುತ್ತಲಿನ ಸಣ್ಣಪುಟ್ಟ ಸಾಮಾನು: ಸೀಟ್ ಕವರ್ ಮುಚ್ಚಿದ ಗಾಳಿ ಕಿಂಡಿ, ಚಾರ್ಜ್ ಇಳಿದ ಪುಟ್ಟ ಬ್ಯಾಟರಿ, ಇಲಿ ಕಡಿದ ವೈರು. ಲಕ್ಷದ ಮಾತು ಆಮೇಲೆ, ಮೊದಲು ಈ ನೂರು, ಸಾವಿರದ ಕೆಲಸಗಳನ್ನು ನೋಡಿಕೊಳ್ಳೋಣ.

ಹೆಜ್ಜೆ 1: ನಿಮ್ಮದು ಯಾವ ಹೈಬ್ರಿಡ್ ಅಂತ ತಿಳಿದುಕೊಳ್ಳಿ

ಎರ್ಟಿಗಾ, ಬ್ರೆಝಾ ಹಿಂದೆ "ಸ್ಮಾರ್ಟ್ ಹೈಬ್ರಿಡ್" ಅಂತ ಬರೆದಿರುವುದನ್ನು ನೋಡಿರುತ್ತೀರಿ. ಅದು ಮೈಲ್ಡ್ ಹೈಬ್ರಿಡ್. ಅದರ ಮೋಟರ್ ಎಂಜಿನ್‌ಗೆ ಒಂದು ಕೈ ಸಹಾಯ ಮಾಡುತ್ತದೆ ಅಷ್ಟೇ, ಗಾಡಿಯನ್ನು ತಾನೇ ಎಳೆಯುವುದಿಲ್ಲ. ಟೊಯೋಟ ಹೈರೈಡರ್ ಹೈಬ್ರಿಡ್, ಇನ್ನೋವಾ ಹೈಕ್ರಾಸ್ ಹೈಬ್ರಿಡ್, ಮಾರುತಿಯ ಇನ್ವಿಕ್ಟೋ, ಹೋಂಡಾ ಸಿಟಿ ಇ:ಎಚ್‌ಇವಿ, ಇವುಗಳಲ್ಲಿ ಎಂಜಿನ್ ಬಂದ್ ಇದ್ದರೂ ಗಾಡಿ ಓಡುತ್ತದೆ. ಅದು ಸ್ಟ್ರಾಂಗ್ ಹೈಬ್ರಿಡ್. ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ ಎರಡೂ ಬಗೆಯಲ್ಲಿ ಬರುವುದರಿಂದ ಹೆಸರು ನೋಡಿ ತೀರ್ಮಾನ ಮಾಡಬೇಡಿ. ಬೀದಿಯಲ್ಲಿ ನಿಧಾನಕ್ಕೆ ಹೊರಟಾಗ ಎಂಜಿನ್ ಸದ್ದಿಲ್ಲದೆ ಗಾಡಿ ಹೋದರೆ ಅದು ಸ್ಟ್ರಾಂಗ್.

ಮೈಲ್ಡ್ ಇದ್ದವರು ಮಾಮೂಲಿ ಪೆಟ್ರೋಲ್ ಕಾರಿನ ಹಾಗೇ ನೋಡಿಕೊಂಡರೆ ಸಾಕು. ಇಲ್ಲಿಂದ ಮುಂದಿನದೆಲ್ಲ ಸ್ಟ್ರಾಂಗ್ ಹೈಬ್ರಿಡ್ ಇರುವವರಿಗೆ.

ಹೆಜ್ಜೆ 2: ಬ್ಯಾಟರಿ ಉಸಿರಾಡುವ ಕಿಂಡಿ ಹುಡುಕಿ

ಇದನ್ನು ಗಾಡಿ ಬಂದ ವಾರವೇ ಮಾಡಿ. ಸೀಟ್ ಕವರ್ ಹಾಕಿಸೋಕೆ ಅಂಗಡಿಗೆ ಹೋಗುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು.

ದೊಡ್ಡ ಬ್ಯಾಟರಿ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದನ್ನು ತಣ್ಣಗಿಡೋಕೆ ಒಂದು ಫ್ಯಾನ್ ಇರುತ್ತದೆ. ಆ ಫ್ಯಾನ್ ಕಾರಿನ ಒಳಗಿನ ಎಸಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವ ಕಿಂಡಿ ಬಹಳಷ್ಟು ಗಾಡಿಗಳಲ್ಲಿ ಹಿಂದಿನ ಸೀಟಿನ ಪಕ್ಕದಲ್ಲಿ ಇರುತ್ತದೆ, ಕೆಲವದರಲ್ಲಿ ಸೀಟಿನ ಕೆಳಗೆ. ನೋಡೋಕೆ ಎಸಿ ವೆಂಟ್ ಥರದ್ದೇ ಪ್ಲಾಸ್ಟಿಕ್ ಜಾಲರಿ. ನಿಮ್ಮ ಗಾಡಿಯಲ್ಲಿ ಎಲ್ಲಿದೆ ಅಂತ ಓನರ್ಸ್ ಮ್ಯಾನುವಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಮನೆಯವರಿಗೆಲ್ಲ ಒಮ್ಮೆ ಕೈ ಇಟ್ಟು ತೋರಿಸಿ, ಯಾಕೆಂದರೆ ಅದರ ಮೇಲೆ ಸಾಮಾನು ಇಡುವುದು ಅವರೇ.

ನಮ್ಮ ಕಡೆ ಈ ಕಿಂಡಿಗೆ ಮೂರು ಶತ್ರುಗಳು. ಒಂದು, ಸೀಟ್ ಕವರ್. ಆಕ್ಸೆಸರಿ ಅಂಗಡಿಯವರು ಸೀಟಿನ ಅಂಚಿನವರೆಗೆ ಬಿಗಿಯಾಗಿ ಎಳೆದು ಹೊಲಿಯುತ್ತಾರೆ, ಕಿಂಡಿಯ ಅರ್ಧ ಅದರಲ್ಲೇ ಮುಚ್ಚಿ ಹೋಗುತ್ತದೆ. ಪಕ್ಕದಲ್ಲಿ ನಿಂತು "ಅಣ್ಣ, ಇದನ್ನ ಬಿಟ್ಟು ಹಾಕು" ಅಂತ ಹೇಳಿ ಮಾಡಿಸಿ. ಕಾಲಿನ ಕೆಳಗೆ ಹಾಕುವ ದಪ್ಪ 7ಡಿ ಮ್ಯಾಟ್‌ಗೂ ಇದೇ ಮಾತು. ಎರಡು, ಸಾಮಾನು. ಕೆಲವು ಹೈಬ್ರಿಡ್‌ಗಳಲ್ಲಿ ಬ್ಯಾಟರಿ ಜಾಗ ತಿಂದು ಡಿಕ್ಕಿ ಚಿಕ್ಕದಾಗಿರುತ್ತದೆ. ಊರಿಗೆ ಹೋಗುವಾಗ ಮಂಡಕ್ಕಿ ಚೀಲ, ಹಾಸಿಗೆ, ಟವೆಲ್ ಎಲ್ಲ ಹಿಂದಿನ ಸೀಟಿಗೆ ಬರುತ್ತವೆ, ಸರಿಯಾಗಿ ಆ ಕಿಂಡಿಗೇ ಒತ್ತಿಕೊಂಡು ಕೂರುತ್ತವೆ. ಮಂಡಕ್ಕಿ ಚೀಲವಂತೂ ಹಗುರ ಅಂತ ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಮೂರನೆಯದು ಧೂಳು.

ಧೂಳಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಹೋದವರಿಗೆ ಆ ಕೆಂಪು ಪುಡಿ ಗೊತ್ತು, ಗಾಜು ಏರಿಸಿದ್ದರೂ ಡ್ಯಾಶ್‌ಬೋರ್ಡ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಸುಗ್ಗಿಯಲ್ಲಿ ದಾವಣಗೆರೆ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ ಮೆಕ್ಕೆಜೋಳ ಒಣಗೋಕೆ ಹಾಕಿರುತ್ತಾರೆ, ಅದರ ಹೊಟ್ಟು ಬೇರೆ. ಇದೆಲ್ಲ ಒಳಗೆ ಬಂದು ಆ ಕಿಂಡಿಯ ಹಿಂದಿನ ಫಿಲ್ಟರ್‌ನಲ್ಲಿ ಕೂರುತ್ತದೆ.

ತೆಗೆಯುವುದು ಹೀಗೆ. ಗಾಡಿ ಪೂರ್ತಿ ಆಫ್ ಮಾಡಿ. ಜಾಲರಿಯನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಕ್ಲಿಪ್ ಬಿಟ್ಟುಕೊಂಡು ಬರುತ್ತದೆ. ಬರಲಿಲ್ಲ ಅಂದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಮ್ಯಾನುವಲ್ ನೋಡಿ. ಕೆಲವು ಗಾಡಿಗಳಲ್ಲಿ ಸರ್ವಿಸ್‌ನವರೇ ತೆಗೆಯಬೇಕಾದ ಹಾಗೆ ಇರುತ್ತದೆ. ಹಿಂದೆ ತೆಳುವಾದ ಜಾಲರಿ ಫಿಲ್ಟರ್ ಇದ್ದರೆ ಹೊರಗೆ ತೆಗೆದು ತಟ್ಟಿ, ಬ್ರಷ್‌ನಿಂದ ಒರೆಸಿ. ಬೂದು ಬಣ್ಣದ ಹತ್ತಿಯ ಥರ ಒಂದು ಪದರ ಎದ್ದು ಬರುತ್ತದೆ, ಅದರಲ್ಲಿ ಕೂದಲು, ಬಟ್ಟೆಯ ನೂಲು, ಕೆಂಪು ಮಣ್ಣು ಎಲ್ಲ ಇರುತ್ತದೆ. ಕಿಂಡಿಯ ಒಳಗೆ ವ್ಯಾಕ್ಯೂಮ್ ಹಿಡಿಯಿರಿ. ಬ್ಲೋವರ್ ಮಾತ್ರ ಹಿಡಿಯಬೇಡಿ, ಧೂಳು ಸೀದಾ ಬ್ಯಾಟರಿ ಕಡೆಗೆ ಹೋಗುತ್ತದೆ. ನೀರು ಅಂತೂ ಬೇಡವೇ ಬೇಡ. ಪಟ್ಟಣದಲ್ಲೇ ಓಡಾಡುವವರು ತಿಂಗಳಿಗೊಮ್ಮೆ ಜಾಲರಿಯನ್ನು ಹೊರಗಿನಿಂದ ವ್ಯಾಕ್ಯೂಮ್ ಮಾಡಿ, ಪ್ರತಿ ಸರ್ವಿಸ್‌ನಲ್ಲಿ ಫಿಲ್ಟರ್ ತೆಗೆಸಿ ನೋಡಿದರೆ ಸಾಕು. ಹೊಲ, ಗಣಿ ಕಡೆ ಓಡಾಟ ಜಾಸ್ತಿ ಇದ್ದರೆ ಇನ್ನೂ ಬೇಗ ಬೇಗ ಮಾಡಿ.

ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಗಾಡಿ ಹೊರಗೆ ನಿಂತಿದ್ದರೆ ಹತ್ತಿದ ಕೂಡಲೇ ಗಾಜು ಇಳಿಸಿ, ಬಿಸಿ ಗಾಳಿ ಹೋದ ಮೇಲೆ ಎಸಿ ಹಾಕಿ. ಎಸಿ ಉಳಿಸಿ ಪೆಟ್ರೋಲ್ ಉಳಿಸುತ್ತೇನೆ ಅಂತ ಗಾಜು ಇಳಿಸಿಕೊಂಡೇ ಓಡಾಡುವವರೂ ಇದ್ದಾರೆ. ಹೈಬ್ರಿಡ್‌ನಲ್ಲಿ ಅದು ಸುಮ್ನೆ ಲೆಕ್ಕ ತಪ್ಪಿದ ಉಳಿತಾಯ, ಯಾಕೆಂದರೆ ನೀವು ಉಸಿರಾಡುವ ಗಾಳಿಯೇ ಬ್ಯಾಟರಿಗೂ ಹೋಗುವುದು.

ಹೆಜ್ಜೆ 3: 12 ವೋಲ್ಟ್ ಬ್ಯಾಟರಿ ಮರೆಯಬೇಡಿ

ದೊಡ್ಡ ಬ್ಯಾಟರಿ ಇದ್ದ ಮೇಲೆ ಸಣ್ಣದು ಯಾಕೆ ಅಂತ ಕೇಳುತ್ತಾರೆ. ಗಾಡಿಯ ಕಂಪ್ಯೂಟರ್, ಲಾಕ್, ಲೈಟು ಎಲ್ಲ ಓಡುವುದು 12 ವೋಲ್ಟ್‌ನಲ್ಲಿ. ಸ್ಟಾರ್ಟ್ ಬಟನ್ ಒತ್ತಿದಾಗ ಮೊದಲು ಏಳುವುದು ಇದು, ಆಮೇಲೆ ಇದು ರಿಲೇ ಅನ್ನುವ ಸ್ವಿಚ್ ಕೂರಿಸಿ ದೊಡ್ಡ ಬ್ಯಾಟರಿಯನ್ನು ಜೋಡಿಸುತ್ತದೆ. ಇದು ಸತ್ತರೆ ದೊಡ್ಡದರಲ್ಲಿ ಎಷ್ಟೇ ಚಾರ್ಜ್ ಇದ್ದರೂ ಗಾಡಿ ಅಲ್ಲಾಡುವುದಿಲ್ಲ.

ಪೆಟ್ರೋಲ್ ಕಾರಿನಲ್ಲಿ ಬ್ಯಾಟರಿ ವೀಕ್ ಆದರೆ ಬೆಳಗ್ಗೆ ಸ್ಟಾರ್ಟರ್ ಎಳೆದೆಳೆದು ತಿರುಗುತ್ತದೆ, ನಮಗೆ ಗೊತ್ತಾಗುತ್ತದೆ. ಹೈಬ್ರಿಡ್‌ನಲ್ಲಿ ಆ ಸ್ಟಾರ್ಟರ್ ಮೋಟರೇ ಇಲ್ಲ, ಎಂಜಿನ್ ತಿರುಗಿಸುವುದು ಒಳಗಿನ ದೊಡ್ಡ ಮೋಟರ್. ಹಾಗಾಗಿ ಮುನ್ಸೂಚನೆ ಇಲ್ಲ. ನಿನ್ನೆ ಸಂಜೆ ಸರಿ ಇದ್ದದ್ದು ಇವತ್ತು ಬೆಳಗ್ಗೆ ಸತ್ತಿರುತ್ತದೆ.

ಆದ್ದರಿಂದ ಪಾರ್ಕ್ ಮಾಡಿಕೊಂಡು ಹಾಡು ಕೇಳುವುದಾದರೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ, ಮೀಟರ್‌ನಲ್ಲಿ ಗಾಡಿ ಹೊರಡೋಕೆ ಸಿದ್ಧ ಅಂತ ತೋರಿಸುವ ರೆಡಿ ಲೈಟ್ ಬಂದಿರಲಿ. ಬ್ರೇಕ್ ಒತ್ತದೆ ಬರೀ ಬಟನ್ ಒತ್ತಿದರೆ ಸಣ್ಣ ಬ್ಯಾಟರಿ ಒಂದೇ ಖರ್ಚಾಗುತ್ತಾ ಹೋಗುತ್ತದೆ. ಮನೆಯಲ್ಲಿ ಕೀಯನ್ನು ಕಾರಿನ ಪಕ್ಕದ ಕಿಟಕಿಯಲ್ಲಿ ನೇತು ಹಾಕಬೇಡಿ, ಸ್ಮಾರ್ಟ್ ಕೀ ಹತ್ತಿರ ಇದ್ದಷ್ಟು ಹೊತ್ತು ಗಾಡಿ ಅದರ ಜೊತೆ ಮಾತಾಡುತ್ತಲೇ ಇರುತ್ತದೆ. ವಾರಗಟ್ಟಲೆ ಓಡಿಸುವುದಿಲ್ಲ ಅಂದರೆ ಮನೆಯಲ್ಲಿ ಯಾರಿಗಾದರೂ ಹೇಳಿ ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿಯಲ್ಲಿ ಇಡಿಸಿ, ಗೇರ್ ಪಿಯಲ್ಲಿ (ಪಾರ್ಕ್) ಇರಲಿ. ಮುಚ್ಚಿದ ಗ್ಯಾರೇಜ್‌ನಲ್ಲಿ ಮಾತ್ರ ಇದು ಬೇಡ. ಎಂಜಿನ್ ತನಗೆ ಬೇಕಾದಾಗ ತಾನೇ ಶುರುವಾಗುತ್ತದೆ, ಹೊಗೆ ಒಳಗೆ ತುಂಬಿದರೆ ಪ್ರಾಣಕ್ಕೆ ಬರುತ್ತದೆ. ಇದೇ ಕಾರಣಕ್ಕೆ ಸದ್ದಿಲ್ಲ ಅಂತ ಗಾಡಿ ಆಫ್ ಆಗಿದೆ ಅಂದುಕೊಂಡು ಇಳಿದು ಹೋಗಬೇಡಿ, ರೆಡಿ ಲೈಟ್ ಹೋಗಿದೆಯಾ ನೋಡಿ.

ಮೂರು ವರ್ಷ ದಾಟಿದ ಮೇಲೆ ಪ್ರತಿ ಸರ್ವಿಸ್‌ನಲ್ಲಿ ಇದನ್ನು ಟೆಸ್ಟ್ ಮಾಡಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.5 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ, 12ಕ್ಕಿಂತ ಕೆಳಗಿದ್ದರೆ ಬದಲಿಸುವ ಯೋಚನೆ ಮಾಡಿ. ಬದಲಿಸುವಾಗ ಮ್ಯಾನುವಲ್ ಹೇಳಿದ ಅಳತೆ, ಅದೇ ಬಗೆ ಇರಲಿ. ಪೂರ್ತಿ ಸತ್ತೇ ಹೋದರೆ ಕೀ ಒಳಗೆ ಅಡಗಿರುವ ಪುಟ್ಟ ಲೋಹದ ಕೀ ತೆಗೆದು ಡ್ರೈವರ್ ಬಾಗಿಲು ತೆರೆಯಿರಿ, ಬೇರೆ ಕಾರಿನಿಂದ ಜಂಪ್ ಕೊಡಿಸಿ, ಅಂದರೆ ಅದರ ಬ್ಯಾಟರಿಗೆ ಕೇಬಲ್ ಜೋಡಿಸಿ ಸ್ಟಾರ್ಟ್ ಮಾಡಿಸಿ. ಎಲ್ಲಿಗೆ ಕ್ಲಿಪ್ ಹಾಕಬೇಕು ಅಂತ ಮ್ಯಾನುವಲ್‌ನಲ್ಲಿದೆ. ಪ್ಲಸ್, ಮೈನಸ್ ಅದಲು ಬದಲಾದರೆ ದುಬಾರಿ ಸಾಮಾನು ಸುಡುತ್ತದೆ. ಇನ್ನೊಬ್ಬರ ಲಾರಿಗೋ ಟ್ರ್ಯಾಕ್ಟರ್‌ಗೋ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡೋಕೆ ಮಾತ್ರ ಹೋಗಬೇಡಿ. ಮುಜುಗರ ಆದರೂ ಪರವಾಗಿಲ್ಲ, "ಇದರಲ್ಲಿ ಆಗಲ್ಲ ಅಣ್ಣ" ಅನ್ನಿ.

ಹೆಜ್ಜೆ 4: ಓಡಿಸುವ ರೀತಿ ಸ್ವಲ್ಪ ಬದಲಿಸಿ

ಕಂಪನಿ ಹೇಳುವ ಮೈಲೇಜ್ ಹೈರೈಡರ್‌ಗೆ ಲೀಟರ್‌ಗೆ 27.97 ಕಿ.ಮೀ., ಹೈಕ್ರಾಸ್‌ಗೆ 23.24. ದಾವಣಗೆರೆಯಲ್ಲಿ ಅದು ಬರುತ್ತಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರು ಒಂದು ವಿಷಯ ಗಮನಿಸಬೇಕು. ನಮ್ಮ ಊರು ಚಿಕ್ಕದು. ವಿದ್ಯಾನಗರದಿಂದ ಪಿ.ಬಿ. ರಸ್ತೆಗೆ ಬಂದು ಹಾಲು, ತರಕಾರಿ ತಗೊಂಡು ವಾಪಸ್ ಹೋಗುವಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ತಣ್ಣಗಿನ ಎಂಜಿನ್ ಬಿಸಿಯಾಗುವವರೆಗೆ ಬ್ಯಾಟರಿ ತುಂಬಿದ್ದರೂ ಓಡುತ್ತದೆ, ಅದು ಗಾಡಿಯ ತಪ್ಪಲ್ಲ. ಬೆಳಗ್ಗೆ ಒಂದು, ಹತ್ತಕ್ಕೆ ಒಂದು, ಸಂಜೆ ಒಂದು ಅಂತ ಪುಟ್ಟ ಪುಟ್ಟ ಓಡಾಟ ಮಾಡಿದರೆ ಪ್ರತಿ ಸಲ ಅದೇ ಖರ್ಚು. ಕೆಲಸಗಳನ್ನು ಸೇರಿಸಿ ಒಂದೇ ಸುತ್ತಿನಲ್ಲಿ ಮುಗಿಸಿ. ವಾರಕ್ಕೊಮ್ಮೆಯಾದರೂ ಹರಿಹರಕ್ಕೋ ಆನಗೋಡಿನ ಕಡೆಗೋ ಹೋಗಿ ಬಂದರೆ ಎಂಜಿನ್ ಪೂರ್ತಿ ಬಿಸಿಯಾಗಿ ಎಣ್ಣೆಯೊಳಗೆ ಸೇರಿದ ತೇವ, ಪೆಟ್ರೋಲ್ ಅಂಶ ಹಾರಿಹೋಗುತ್ತದೆ.

ಚಿತ್ರದುರ್ಗದವರಿಗೆ ಬೇರೆ ಲೆಕ್ಕ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಹತ್ತಿರ. ಹಾಗಾಗಿ ಹೆದ್ದಾರಿಯಲ್ಲಿ ದುರ್ಗದ ಕಡೆ ಹೋಗುವಾಗ ಒಂದು ಮೈಲೇಜ್, ಬರುವಾಗ ಇನ್ನೊಂದು. ಆಷಾಢದಲ್ಲಂತೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಿಮ್ಮ ಕಾರನ್ನೂ ತಳ್ಳುತ್ತದೆ. ಒಂದು ಕಡೆಯ ಲೆಕ್ಕ ನೋಡಿ ಖುಷಿಯೂ ಬೇಡ, ಗಾಬರಿಯೂ ಬೇಡ. ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ, ಭಾಗಿಸಿ ನೋಡಿ. 110ರಲ್ಲಿ ಹೋಗುವುದಕ್ಕೂ 85-90ರಲ್ಲಿ ಹೋಗುವುದಕ್ಕೂ ಇರುವ ವ್ಯತ್ಯಾಸ ಆಗ ಕಾಣುತ್ತದೆ. ಹೈಬ್ರಿಡ್‌ನ ನಿಜವಾದ ಲಾಭ ನಿಂತು ನಿಂತು ಸಾಗುವ ರಸ್ತೆಯಲ್ಲಿ. ಬರೀ ಹೆದ್ದಾರಿಯಲ್ಲೇ ಜೋರಾಗಿ ಓಡಿಸುವವರಿಗೆ ಅಷ್ಟು ದುಡ್ಡು ಜಾಸ್ತಿ ಕೊಟ್ಟದ್ದು ವಾಪಸ್ ಬರೋಕೆ ಬಹಳ ಕಾಲ ಬೇಕು, ಇದು ನನ್ನ ಅಭಿಪ್ರಾಯ.

ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ನಿಂತಾಗ ಎನ್‌ಗೆ (ನ್ಯೂಟ್ರಲ್) ಹಾಕಬೇಡಿ. ಎನ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ತಿನ್ನುತ್ತಾ ಇರುತ್ತದೆ. ಡಿಯಲ್ಲಿ ಬ್ರೇಕ್ ಹಿಡಿದಿರಿ, ಜಾಸ್ತಿ ಹೊತ್ತಾದರೆ ಪಿಗೆ ಹಾಕಿ. ಬ್ರೇಕ್ ದೂರದಿಂದಲೇ ಮೆಲ್ಲಗೆ ಒತ್ತುತ್ತಾ ಬನ್ನಿ, ಆಗ ಮೋಟರೇ ಗಾಡಿ ನಿಧಾನ ಮಾಡಿ ಕರೆಂಟ್ ಮಾಡಿಕೊಳ್ಳುತ್ತದೆ. ಹತ್ತಿರ ಬಂದು ಧಡ್ ಅಂತ ಒತ್ತಿದರೆ ಆ ಲಾಭದಲ್ಲಿ ಬಹುಪಾಲು ಬ್ರೇಕ್ ಪ್ಯಾಡ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ಬರೀ ಬ್ಯಾಟರಿಯಲ್ಲಿ ಓಡಿಸುವ ಇವಿ ಬಟನ್ ಇದೆ ಅಂತ ಸದಾ ಒತ್ತಬೇಡಿ. ಖಾಲಿಯಾದ ಬ್ಯಾಟರಿಯನ್ನು ಕೊನೆಗೆ ಪೆಟ್ರೋಲ್ ಸುಟ್ಟೇ ತುಂಬಬೇಕು ಅಲ್ವಾ? ಮೀಟರ್‌ನಲ್ಲಿ ಬ್ಯಾಟರಿ ಕಡ್ಡಿ ಏರಿಳಿಯುವುದನ್ನು ನೋಡುತ್ತಾ ಕೂರುವುದೂ ಬೇಡ. ಪೂರ್ತಿ ತುಂಬಲು ಬಿಡದೆ, ಪೂರ್ತಿ ಖಾಲಿಯಾಗಲು ಬಿಡದೆ ಕಂಪ್ಯೂಟರ್ ಅದನ್ನು ನಡುವೆಯೇ ಇಟ್ಟುಕೊಳ್ಳುತ್ತದೆ. ಬ್ಯಾಟರಿ ಬಾಳಿಕೆಯ ಗುಟ್ಟೂ ಅದೇ.

ಪೆಟ್ರೋಲ್ ಮುಗಿದರೂ ಬ್ಯಾಟರಿಯಲ್ಲಿ ಬಂಕ್ ತಲುಪಬಹುದು ಅನ್ನುವ ನಂಬಿಕೆ ಕೆಲವರಿಗಿದೆ. ಬೇಡ. ಆ ಬ್ಯಾಟರಿ ಬಹಳ ಚಿಕ್ಕದು, ಹೈರೈಡರ್‌ನಲ್ಲಿ ಒಂದು ಯೂನಿಟ್ ಕರೆಂಟ್ ಕೂಡ ಹಿಡಿಯುವುದಿಲ್ಲ. ತಳ ಮುಟ್ಟಿಸಿದರೆ ಎಂಜಿನ್ ತಿರುಗಿಸೋಕೂ ಶಕ್ತಿ ಉಳಿಯದೆ ಟೋ ಮಾಡಿಸಬೇಕಾಗುತ್ತದೆ.

ಆಗುಂಬೆ ಘಾಟಿ ಇಳಿಯುವಾಗ ಬಿ ಗೇರ್‌ಗೆ ಹಾಕಿ. ಅರ್ಧ ದಾರಿಗೆ ಬ್ಯಾಟರಿ ತುಂಬುತ್ತದೆ, ಆಮೇಲೆ ಕರೆಂಟ್ ಹಿಡಿಯೋಕೆ ಜಾಗ ಇರುವುದಿಲ್ಲ. ಆಗ ಎಂಜಿನ್ ಜೋರಾಗಿ ಗುಯ್‌ಗುಡುತ್ತದೆ. ಹೆದರಬೇಡಿ, ಅದು ಪೆಟ್ರೋಲ್ ಕುಡಿಯುತ್ತಿಲ್ಲ, ಗಾಡಿಯನ್ನು ಹಿಡಿದು ನಿಲ್ಲಿಸುತ್ತಿದೆ. ನಿಮ್ಮ ಗಾಡಿಯಲ್ಲಿ ಬಿ ಇಲ್ಲದಿದ್ದರೆ ಬೇರೆ ವ್ಯವಸ್ಥೆ ಇರುತ್ತದೆ. ಹೋಂಡಾದಲ್ಲಿ ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಕೂಡ ಇದೆ.

ಹೆಜ್ಜೆ 5: ಸರ್ವಿಸ್‌ಗೆ ಬಿಟ್ಟಾಗ ಏನು ಕೇಳಬೇಕು

ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ. ಓಡಿಸಿದ್ದು ಕಡಿಮೆ ಅಂತ ವರ್ಷ ದಾಟಿಸಬೇಡಿ, ವಾರಂಟಿಗೆ ತೊಂದರೆ ಬರಬಹುದು.

ಎಂಜಿನ್ ಆಯಿಲ್ ಇವುಗಳಿಗೆ ಬಹಳ ತೆಳು ಬೇಕು, 0ಡಬ್ಲ್ಯೂ-16 ಅಥವಾ 0ಡಬ್ಲ್ಯೂ-20 ಥರದ್ದು. ಮ್ಯಾನುವಲ್‌ನಲ್ಲಿ ಯಾವುದಿದೆಯೋ ಅದೇ ಹಾಕಿಸಿ. "ನಮ್ಮ ಬಿಸಿಲಿಗೆ ದಪ್ಪ ಆಯಿಲ್ ಒಳ್ಳೇದು ಸಾರ್" ಅಂತ ಯಾರು ಹೇಳಿದರೂ ಒಪ್ಪಬೇಡಿ. ಬಾನೆಟ್ ಎತ್ತಿದರೆ ಹೈರೈಡರ್‌ನಂಥ ಗಾಡಿಗಳಲ್ಲಿ ಕೂಲೆಂಟ್ ಡಬ್ಬಿ ಎರಡು ಕಾಣುತ್ತವೆ, ಒಂದು ಎಂಜಿನ್‌ಗೆ, ಇನ್ನೊಂದು ಬ್ಯಾಟರಿ ಕರೆಂಟನ್ನು ಮೋಟರ್‌ಗೆ ತಕ್ಕ ಹಾಗೆ ಬದಲಿಸುವ ಇನ್ವರ್ಟರ್‌ಗೆ. ಎರಡರ ಮಟ್ಟವನ್ನೂ ನೋಡಬೇಕು. ಎರಡನೆಯದನ್ನು ಮರೆಯುವ ಹುಡುಗರು ಇರುತ್ತಾರೆ, ನೀವೇ ಬೆರಳು ಮಾಡಿ ತೋರಿಸಿ. ಬೋರ್‌ವೆಲ್ ನೀರು ಸುರಿಯುವುದು ಯಾವ ಕಾರಿಗೂ ಒಳ್ಳೆಯದಲ್ಲ, ಇದಕ್ಕಂತೂ ಅಲ್ಲವೇ ಅಲ್ಲ.

ಬ್ರೇಕ್ ಪ್ಯಾಡ್ ಬಹಳ ವರ್ಷ ಬರುತ್ತವೆ, ಯಾಕೆಂದರೆ ಅರ್ಧ ಕೆಲಸ ಮೋಟರ್ ಮಾಡುತ್ತದೆ. ಆದರೆ ಕೆಲಸ ಕಡಿಮೆಯಾದಾಗ ಬೇರೆ ರೋಗ ಬರುತ್ತದೆ. ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್‌ಗಳು ಬಿಗಿದುಕೊಳ್ಳುತ್ತವೆ, ಡಿಸ್ಕ್ ತುಕ್ಕು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ ಕೊಡೋಕೆ ಹೇಳಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಲಿ.

ಎಸಿ ಬಗ್ಗೆ ಒಂದು ಎಚ್ಚರಿಕೆ. ಇದರ ಕಂಪ್ರೆಸರ್ ಬೆಲ್ಟ್‌ನಲ್ಲಿ ತಿರುಗುವುದಿಲ್ಲ, ದೊಡ್ಡ ಬ್ಯಾಟರಿಯ ಕರೆಂಟಿನಲ್ಲಿ ತಿರುಗುತ್ತದೆ. ಅದಕ್ಕೆ ಹಾಕುವ ಎಣ್ಣೆ ವಿದ್ಯುತ್ ಹರಿಯಲು ಬಿಡದ ಬೇರೆ ಜಾತಿಯದು. ರಸ್ತೆ ಬದಿಯ ಎಸಿ ಅಂಗಡಿಯಲ್ಲಿ ಗ್ಯಾಸ್ ಜೊತೆ ಮಾಮೂಲಿ ಎಣ್ಣೆ ಹೋದರೆ ಕಂಪ್ರೆಸರ್ ಇನ್ಸುಲೇಷನ್ ಹಾಳಾಗುತ್ತದೆ. ಎಸಿ ಕೆಲಸಕ್ಕೆ ಹೈಬ್ರಿಡ್ ಗೊತ್ತಿದ್ದವರ ಹತ್ತಿರವೇ ಹೋಗಿ, ಎಷ್ಟೇ ಪರಿಚಯದ ಮೆಕ್ಯಾನಿಕ್ ಇದ್ದರೂ ಸರಿ.

ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಮುಟ್ಟುವುದು ನಿಮ್ಮ ಕೆಲಸವಲ್ಲ, ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಕೆಲಸವೂ ಅಲ್ಲ. ನೂರಾರು ವೋಲ್ಟ್ ಇರುತ್ತದೆ. ಫಾಗ್ ಲ್ಯಾಂಪು, ದೊಡ್ಡ ವೂಫರ್ ಅಂತ ವೈರ್ ಕತ್ತರಿಸಿ ಜೋಡಿಸುವ ಆಸೆಯನ್ನೂ ಬಿಡಿ. ಸಣ್ಣ ಬ್ಯಾಟರಿಗೂ ಭಾರ, ವಾರಂಟಿಗೂ ಕುತ್ತು. ಸಿಎನ್‌ಜಿ ಕಿಟ್ ಯೋಚನೆ ಇದ್ದರೆ ಅದನ್ನೂ ಇಲ್ಲೇ ಬಿಡಿ.

ಸರ್ವಿಸ್ ಮುಗಿದ ಮೇಲೆ ಹೈಬ್ರಿಡ್ ಬ್ಯಾಟರಿ ಚೆಕ್ ಮಾಡಿದ ರಿಪೋರ್ಟ್ ಕೇಳಿ ಇಟ್ಟುಕೊಳ್ಳಿ. ಮುಂದೆ ಮಾರುವಾಗ ಬೇಕಾಗುತ್ತದೆ.

ಹೆಜ್ಜೆ 6: ಇಲಿ, ಮಳೆ, ವಾಟರ್ ವಾಶ್

ಭದ್ರಾ ಕಾಲುವೆ ಕಡೆ ಗದ್ದೆ, ಊರೊಳಗೆ ಜೋಳದ ಗೋದಾಮು. ಇಲಿಗೆ ಬರ ಇಲ್ಲ. ಪೆಟ್ರೋಲ್ ಕಾರಿನಲ್ಲಿ ಇಲಿ ಕಡಿದರೆ ಹಾರ್ನೋ ಲೈಟೋ ಹೋಗಬಹುದು, ಇಲ್ಲಿ ಒಂದು ಸೆನ್ಸರ್ ವೈರ್ ಕಡಿದರೆ ಮೀಟರ್ ತುಂಬಾ ಎಚ್ಚರಿಕೆ ಲೈಟ್ ಬಂದು ಗಾಡಿ ನಿಂತೇ ಹೋಗಬಹುದು. ಗಾಡಿಯೊಳಗೆ ಮಂಡಕ್ಕಿ, ಮಿರ್ಚಿ ಪೊಟ್ಟಣದ ಚೂರು ಉಳಿಯದಂತೆ ನೋಡಿಕೊಳ್ಳಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಹಿಕ್ಕೆ, ಕಡಿದ ಸ್ಪಾಂಜು ಇದೆಯಾ ನೋಡಿ. ಒಂದೇ ಜಾಗದಲ್ಲಿ ದಿನಗಟ್ಟಲೆ ನಿಲ್ಲಿಸದಿರುವುದೇ ಒಳ್ಳೆ ಮದ್ದು. ಇನ್ಶೂರೆನ್ಸ್ ಮಾಡಿಸುವಾಗ ಇಲಿ ಕಡಿತಕ್ಕೂ ಹೈಬ್ರಿಡ್ ಬ್ಯಾಟರಿಗೂ ಕವರ್ ಇದೆಯಾ ಅಂತ ಬರಹದಲ್ಲೇ ಕೇಳಿ.

ವಾಟರ್ ವಾಶ್‌ನವರಿಗೆ ಬಾನೆಟ್ ತೆರೆದು ಪ್ರೆಶರ್ ಪೈಪ್ ಹಿಡಿಯೋಕೆ ಬಿಡಬೇಡಿ. ಒದ್ದೆ ಬಟ್ಟೆ ಸಾಕು.

ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತಿದ್ದರೆ ಸುತ್ತು ಹಾಕಿ ಹೋಗಿ. ಒಳಗೆ ನೀರು ನುಗ್ಗಿದ ಗಾಡಿಯ ಸ್ಟಾರ್ಟ್ ಬಟನ್ ಮತ್ತೆ ಒತ್ತಬೇಡಿ, ಸರ್ವಿಸ್‌ಗೆ ಫೋನ್ ಮಾಡಿ. ಗಾಡಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸುವುದು ನಮ್ಮ ಕಡೆ ಮಾಮೂಲಿ, ಆದರೆ ಮುಂದಿನ ಚಕ್ರ ತಿರುಗಿದರೆ ಒಳಗಿನ ಮೋಟರೂ ತಿರುಗುತ್ತದೆ, ಕರೆಂಟ್ ಹುಟ್ಟಿ ಸುಟ್ಟುಹೋಗಬಹುದು. ಪೂರ್ತಿ ಗಾಡಿಯನ್ನು ಮೇಲೆ ಹತ್ತಿಸುವ ಫ್ಲ್ಯಾಟ್‌ಬೆಡ್ಡೇ ಬೇಕು ಅಂತ ಫೋನಿನಲ್ಲೇ ಹೇಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತಿದ್ದರೆ 1033ಕ್ಕೆ ಕರೆ ಮಾಡಿ.

ಹೆಜ್ಜೆ 7: ಎಮಿಷನ್ ಟೆಸ್ಟ್

ಹೈಬ್ರಿಡ್‌ಗೂ ಪಿಯುಸಿ (ಹೊಗೆ ತಪಾಸಣೆಯ ಸರ್ಟಿಫಿಕೇಟ್) ಬೇಕು. ಟೆಸ್ಟ್ ಮಾಡುವವರು ಸೈಲೆನ್ಸರ್‌ಗೆ ಪೈಪ್ ಹಾಕಿ ಕಾಯುತ್ತಾರೆ, ನಿಮ್ಮ ಎಂಜಿನ್ ಬಂದ್ ಆಗಿ ಕೂತಿರುತ್ತದೆ. ಪಿಯಲ್ಲೇ ಇಟ್ಟು ಆಕ್ಸಿಲರೇಟರ್ ಒತ್ತಿದರೆ ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ಶುರುವಾಗುತ್ತದೆ, ಕಾಲು ತೆಗೆದರೆ ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಎಂಜಿನ್ ನಿಲ್ಲದಂತೆ ಓಡುವ ಇನ್‌ಸ್ಪೆಕ್ಷನ್ ಮೋಡ್ ಇದಕ್ಕೆಂದೇ ಇದೆ, ಸರ್ವಿಸ್‌ನವರ ಹತ್ತಿರ ಒಮ್ಮೆ ಮಾಡಿಸಿ ನೋಡಿ ಕಲಿತುಕೊಳ್ಳಿ. ಟೆಸ್ಟ್ ಆದ ಮೇಲೆ ಆ ಮೋಡ್‌ನಲ್ಲೇ ರಸ್ತೆಗೆ ಇಳಿಸಬೇಡಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ

ಮಾರುವವರು ತೋರಿಸುವ ಮೀಟರ್, ಪಾಲಿಶ್ ನೋಡುವ ಮೊದಲು ಹಿಂದಿನ ಬಾಗಿಲು ತೆಗೆದು ಆ ಗಾಳಿ ಕಿಂಡಿ ನೋಡಿ. ಧೂಳು ಕಟ್ಟಿದ್ದರೆ ಆ ಗಾಡಿಯನ್ನು ಹೇಗೆ ಇಟ್ಟುಕೊಂಡಿದ್ದರು ಅಂತ ಅಲ್ಲೇ ಗೊತ್ತಾಗುತ್ತದೆ. ಸರ್ವಿಸ್ ಹಿಸ್ಟರಿ ತರಿಸಿ, ವಾರಂಟಿ ಎಷ್ಟು ಉಳಿದಿದೆ ಅಂತ ಮೊದಲ ಮಾಲೀಕರಿಗೆ ಗಾಡಿ ಡೆಲಿವರಿ ಆದ ತಾರೀಖಿನಿಂದ ಲೆಕ್ಕ ಹಾಕಿ, ಅಡ್ವಾನ್ಸ್ ಕೊಡುವ ಮೊದಲೇ ಕಂಪನಿ ಸರ್ವಿಸ್‌ನಲ್ಲಿ ಬ್ಯಾಟರಿ ಚೆಕ್ ಮಾಡಿಸಿ. ಎಸಿ ಹಾಕಿಕೊಂಡು ಏರು ದಾರಿಯಲ್ಲಿ ಒಂದು ಸುತ್ತು ಓಡಿಸಿ. ಬ್ಯಾಟರಿ ಕಡ್ಡಿಗಳು ಒಂದೇ ಸಮನೆ ಸರಸರ ಇಳಿದು, ಅಷ್ಟೇ ಬೇಗ ಪೂರ್ತಿ ತುಂಬಿ, ಮತ್ತೆ ಇಳಿಯುತ್ತಿದ್ದರೆ ಆ ಗಾಡಿ ಬಿಟ್ಟು ಬೇರೆ ನೋಡಿ.